ಬೆಲೆ ಯಾರದು, ಜೇಬು ಯಾರದು? : ಅಮೆರಿಕದ ಬೇಸ್‌ಬಾಲ್ ಸಂತೆಯ ಚರಿತ್ರೆ

1

ಪ್ರತಿ ವರ್ಷ ಜುಲೈ ತಿಂಗಳ ಕೊನೆಗೆ ಅಮೆರಿಕದಲ್ಲಿ ಒಂದು ಸಂತೆ ನೆರೆಯುತ್ತದೆ. ಈ ಸಂತೆಗೆ ಬಯಲು ಬೇಡ, ಡೇರೆ ಬೇಡ, ಫೋನ್ ಸಾಕು. ಬೇಸ್‌ಬಾಲ್ ತಂಡಗಳ ಅಧಿಕಾರಿಗಳು ಹಗಲು ರಾತ್ರಿ ಮಾತಾಡಿ ತಮ್ಮ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ. ಇದಕ್ಕೊಂದು ಗಡುವಿದೆ. ‘ಟ್ರೇಡ್ ಡೆಡ್‌ಲೈನ್’ ಅಂತಾರೆ. ಗೆಲ್ಲುವ ಆಸೆ ಇರುವ ತಂಡ ಕೊಳ್ಳುತ್ತದೆ, ಆಸೆ ಬಿಟ್ಟ ತಂಡ ಮಾರುತ್ತದೆ. ಗಡುವು ದಾಟಿದರೆ ಆ ವರ್ಷಕ್ಕೆ ವಿನಿಮಯದ ಬಾಗಿಲು ಬಂದ್. ಬೆಳಿಗ್ಗೆ ಷಿಕಾಗೋದಲ್ಲಿ ಎದ್ದವನು ರಾತ್ರಿ ಸಾವಿರಾರು ಮೈಲಿ ಆಚೆಯ ಊರಿನಲ್ಲಿ ಮಲಗಬೇಕಾಗಬಹುದು. ಹೆಂಡತಿ, ಮಕ್ಕಳ ಶಾಲೆ, ಬಾಡಿಗೆ ಮನೆ ಇವೆಲ್ಲ ಅವನವನ ಪಾಡು.

ನಮ್ಮ ದನದ ಜಾತ್ರೆಯನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಟವೆಲಿನ ಅಡಿಯಲ್ಲಿ ಕೈ ಇಟ್ಟು, ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಹಲ್ಲು ನೋಡ್ತಾರೆ, ಗೊರಸು ನೋಡ್ತಾರೆ. ಎತ್ತನ್ನು ಮಾತ್ರ ಯಾರೂ ಕೇಳೋದಿಲ್ಲ.

ಗಡುವು ಹತ್ತಿರ ಬಂದಾಗ ಅಲ್ಲಿನ ಪತ್ರಿಕೆಗಳಲ್ಲಿ ಇನ್ನೊಂದು ಹಾಡು ಶುರುವಾಗುತ್ತದೆ. ಇಂಥವನ ಕರಾರು ಬಲು ದುಬಾರಿ, ಇವನಿಗೆ ಕೊಟ್ಟದ್ದು ದಂಡ, ಈ ಹೊರೆಯನ್ನು ಯಾರ ತಲೆಗಾದರೂ ಹೊರಿಸಿದರೆ ತಂಡ ಬಚಾವ್! ಇಂಥ ‘ದುಬಾರಿ’ ಆಟಗಾರರ ಪಟ್ಟಿಗಳೇ ಅಚ್ಚಾಗುತ್ತವೆ. ಜನ ಓದಿ ನಗುತ್ತಾರೆ, ಬೈಯುತ್ತಾರೆ. ಹೋಟೆಲಿನಲ್ಲಿ ತಟ್ಟೆ ತೊಳೆಯುವವನು ಕೂಡ ಮಾಲೀಕನ ಪರವಾಗಿ ಲೆಕ್ಕ ಹಾಕುತ್ತಾನೆ.

ನಾವು ಕೇಳಬೇಕಾದ ಪ್ರಶ್ನೆ ಬೇರೆ. ಆಟಗಾರನಿಗೆ ಬೆಲೆ ಕಟ್ಟುವುದು ಇವತ್ತು ನಿನ್ನೆಯದಲ್ಲ, ನೂರ ನಲವತ್ತು ವರ್ಷಕ್ಕೂ ಹಳೆಯದು. ಹಾಗಿದ್ದರೆ ಆ ಬೆಲೆ ‘ದುಬಾರಿ’ ಅನ್ನಿಸಿಕೊಂಡದ್ದು ಯಾವಾಗಿನಿಂದ? ಬೆಲೆ ಏರಿದಾಗಿನಿಂದಲೋ, ಅದು ಹೋಗಿ ಸೇರುವ ಜೇಬು ಬದಲಾದಾಗಿನಿಂದಲೋ?

ಬ್ಲ್ಯಾಕ್ ಪ್ಯಾಂಥರ್ ಹೆಸರು ನಮ್ಮ ಓದುಗರಿಗೆ ಗೊತ್ತು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ ತನ್ನ ಹೆಸರನ್ನು ತೆಗೆದುಕೊಂಡದ್ದು ಅಲ್ಲಿಂದಲೇ. ಅದೇ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಮೇಲಿನ ಪ್ರಶ್ನೆಗೆ ಉತ್ತರ ಹುಡುಕಲು ಅವನ ತನಕ ನಡೆದು, ಅಲ್ಲಿಂದ ಮುಂದಕ್ಕೂ ಹೋಗಬೇಕು.

2

ಬೇಸ್‌ಬಾಲ್ ಅಂದರೆ ಕ್ರಿಕೆಟ್ಟಿನ ಹಾಗೆ ಚೆಂಡು ದಾಂಡಿನ ಆಟ. 1876ರಲ್ಲಿ ಅಮೆರಿಕದ ತಂಡಗಳ ಮಾಲೀಕರು ಸೇರಿ ‘ನ್ಯಾಷನಲ್ ಲೀಗ್’ ಕಟ್ಟಿದರು. ಮೂರೇ ವರ್ಷದಲ್ಲಿ ಅವರಿಗೊಂದು ತಲೆನೋವು ಶುರುವಾಯಿತು. ಒಳ್ಳೆಯ ಆಟಗಾರ ವರ್ಷ ಮುಗಿದ ಮೇಲೆ ಹೆಚ್ಚು ಕೊಡುವವರ ಕಡೆಗೆ ಹೋಗುತ್ತಿದ್ದ. 1879ರಲ್ಲಿ ಮಾಲೀಕರು ಗುಟ್ಟಾಗಿ ಕೂತು ಒಂದು ಒಪ್ಪಂದ ಮಾಡಿಕೊಂಡರು. ಒಬ್ಬೊಬ್ಬ ಮಾಲೀಕ ತನ್ನ ತಂಡದ ಐದು ಮಂದಿಯನ್ನು ‘ರಿಸರ್ವ್’ ಮಾಡಿಟ್ಟುಕೊಳ್ಳಬಹುದು, ಬೇರೆ ಯಾರೂ ಅವರನ್ನು ಮುಟ್ಟಬಾರದು. ಮುಂದೆ ಈ ಐದು ಬೆಳೆಯುತ್ತಾ ಹೋಗಿ ಇಡೀ ತಂಡವನ್ನೇ ನುಂಗಿತು.

ಮೀಸಲು ಎಂಬ ಮಾತು ಕೇಳಿ ಮೋಸ ಹೋಗಬಾರದು. ಇಲ್ಲಿ ಆಟಗಾರನಿಗಾಗಿ ಏನೂ ಮೀಸಲಿರಲಿಲ್ಲ, ಆಟಗಾರನೇ ಧಣಿಗೆ ಮೀಸಲು. ಕರಾರು ಒಂದು ವರ್ಷದ್ದು. ಆದರೆ ಅದನ್ನು ಮುಂದುವರಿಸುವ ಹಕ್ಕು ಮಾಲೀಕನದು. ಕೊಟ್ಟಷ್ಟಕ್ಕೆ ಆಡು, ಇಲ್ಲವಾದರೆ ಆಟ ಬಿಟ್ಟು ಮನೆಗೆ ಹೋಗು. ಮೂರನೇ ದಾರಿ ಇಲ್ಲ. ಮಾಲೀಕನಿಗೆ ಮಾತ್ರ ಇವನನ್ನು ಮಾರುವ, ಬದಲಾಯಿಸುವ, ಕೈಬಿಡುವ ಮೂರು ದಾರಿಯೂ ಉಂಟು.

1887ರಲ್ಲಿ ಷಿಕಾಗೋ ತಂಡ ತನ್ನ ಹೆಸರುವಾಸಿ ಆಟಗಾರ ಕಿಂಗ್ ಕೆಲ್ಲಿಯನ್ನು ಬಾಸ್ಟನ್ನಿಗೆ 10,000 ಡಾಲರಿಗೆ ಮಾರಿತು. ದೇಶವೆಲ್ಲ ಬಾಯಿ ಬಿಟ್ಟು ನೋಡಿದ ಬೆಲೆ ಅದು. ಹತ್ತು ಸಾವಿರವೂ ಹೋದದ್ದು ಷಿಕಾಗೋ ಮಾಲೀಕನ ಪೆಟ್ಟಿಗೆಗೆ. ಕೆಲ್ಲಿಗೆ ಸಿಕ್ಕಿದ್ದು ಬಾಸ್ಟನ್ ಕೊಡುವ ಸಂಬಳ ಮಾತ್ರ. ಆ ವರ್ಷವೇ ಜಾನ್ ಮಾಂಟ್‌ಗೊಮೆರಿ ವಾರ್ಡ್ ಎಂಬ ಆಟಗಾರ ಒಂದು ಲೇಖನ ಬರೆದ. ಅವನು ಕಾನೂನು ಓದಿದವನು, 1885ರಲ್ಲಿ ಆಟಗಾರರ ಮೊದಲ ಸಂಘ ಕಟ್ಟಿದವನು. ಬೇಸ್‌ಬಾಲ್ ಆಟಗಾರನೇನು ಚರಸೊತ್ತೇ ಎಂದು ಅವನು ಕೇಳಿದ. 1890ರಲ್ಲಿ ಆಟಗಾರರೇ ತಮ್ಮದೊಂದು ಲೀಗ್ ಕಟ್ಟಿದರು. ಒಂದೇ ವರ್ಷ. ಬಂಡವಾಳ ಹಾಕಿದ್ದವರು ಹಳೇ ಮಾಲೀಕರ ಜೊತೆ ರಾಜಿ ಮಾಡಿಕೊಂಡರು, ಆಟಗಾರರು ತಲೆ ತಗ್ಗಿಸಿ ವಾಪಸ್ ಬಂದರು.

1887ರಲ್ಲಿ ಇನ್ನೊಂದೂ ನಡೆಯಿತು. ಅದಕ್ಕೂ ಮೂರು ವರ್ಷ ಮೊದಲು ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲೆಡೊ ತಂಡದಲ್ಲಿ ದೊಡ್ಡ ಲೀಗಿನ ಆಟ ಆಡಿದ್ದ. 1887ರ ಜುಲೈಯಲ್ಲಿ ‘ಇಂಟರ್‌ನ್ಯಾಷನಲ್ ಲೀಗ್’ ಮಾಲೀಕರು ಇನ್ನು ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಕರಾರು ಬೇಡ ಎಂದು ಓಟು ಹಾಕಿದರು. ದೊಡ್ಡ ಲೀಗುಗಳಲ್ಲಿ ಬರೆದ ಕಾನೂನೇ ಬೇಕಾಗಲಿಲ್ಲ. ಬಿಳಿಯರ ಬಾಯಿಮಾತಿನ ಕಟ್ಟುಪಾಡು ಸಾಕಾಯಿತು, ಅರವತ್ತು ವರ್ಷ ನಡೆಯಿತು. ಬಿಳಿ ಆಟಗಾರನನ್ನು ಬೇಲಿ ಒಳಗೆ ಕೂಡಿಹಾಕಿದರು, ಕಪ್ಪು ಆಟಗಾರನನ್ನು ಬೇಲಿ ಆಚೆ ನಿಲ್ಲಿಸಿದರು. ಬೇಲಿ ಹಾಕಿದ ಕೈ ಮಾತ್ರ ಒಂದೇ.

1922ರಲ್ಲಿ ನ್ಯಾಯಾಲಯವೂ ಈ ಬೇಲಿಗೆ ಕಾವಲು ನಿಂತಿತು. ಏಕಸ್ವಾಮ್ಯದ ವಿರುದ್ಧ ಅಮೆರಿಕದಲ್ಲಿ ಕಾನೂನು ಇದೆ. ಆದರೆ ಬೇಸ್‌ಬಾಲ್ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವೇ ಅಲ್ಲ, ಅದಕ್ಕೆ ಆ ಕಾನೂನು ತಾಕುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ತೀರ್ಪು ಬರೆದರು. ಎರಡು ವರ್ಷ ಹಿಂದಷ್ಟೇ ಬಾಸ್ಟನ್ ತಂಡ ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ 1 ಲಕ್ಷ ಡಾಲರಿಗೆ ಮಾರಿತ್ತು. ಲಕ್ಷ ಡಾಲರ್ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ನಡೆದುಹೋದರೂ ಅದು ವ್ಯಾಪಾರವಲ್ಲವಂತೆ!

3

ಗಡುವು ಹುಟ್ಟಿದ ಕಥೆಯನ್ನೂ ತಿಳಿಯಬೇಕು. 1922ರ ಜುಲೈ ಕೊನೆಯಲ್ಲಿ, ಪೈಪೋಟಿ ಬಿಸಿಯಾಗಿದ್ದಾಗ, ಯಾಂಕೀಸ್ ತಂಡ ಬಾಸ್ಟನ್ನಿನಿಂದ ಜೋ ಡುಗನ್ ಎಂಬ ಆಟಗಾರನನ್ನು ತಂದಿತು. ಸೇಂಟ್ ಲೂಯಿಸ್ ಬ್ರೌನ್ಸ್ ತಂಡ ಒಂದೇ ಒಂದು ಪಂದ್ಯದ ಅಂತರದಲ್ಲಿ ಹಿಂದೆ ಬಿತ್ತು. ದುಡ್ಡಿದ್ದವರು ನಡುವಿನಲ್ಲಿ ಆಟಗಾರರನ್ನು ಕೊಂಡು ಕಿರೀಟ ಹೊಡೆಯುತ್ತಾರೆ ಎಂದು ಸೇಂಟ್ ಲೂಯಿಸ್ ಕೂಗಾಡಿತು. 1923ರಿಂದ ಜೂನ್ 15 ಗಡುವಾಯಿತು. 1986ರಲ್ಲಿ ಅದು ಜುಲೈ 31ಕ್ಕೆ ಸರಿಯಿತು. 2022ರ ಒಪ್ಪಂದದ ನಂತರ ಜುಲೈ 28ರಿಂದ ಆಗಸ್ಟ್ 3ರ ಒಳಗೆ ಒಂದು ದಿನ ಗೊತ್ತು ಮಾಡುತ್ತಾರೆ.

ಅಂದರೆ ಗಡುವು ಬಂದದ್ದು ಮಾಲೀಕನಿಂದ ಮಾಲೀಕನನ್ನು ಕಾಪಾಡುವುದಕ್ಕೆ. ಕಿತ್ತುಹೋಗುವ ಆಟಗಾರನ ಸಂಸಾರದ ಮಾತು ಆ ಚರ್ಚೆಯಲ್ಲಿ ತೂಗಲೇ ಇಲ್ಲ.

4

ಬೇಲಿ ಆಚೆ ಇದ್ದವರು ಸುಮ್ಮನೆ ಕೂರಲಿಲ್ಲ. 1920ರಲ್ಲಿ ರೂಬ್ ಫಾಸ್ಟರ್ ಮುಂದಾಳತ್ವದಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ‘ನೀಗ್ರೋ ನ್ಯಾಷನಲ್ ಲೀಗ್’ ಹುಟ್ಟಿತು. ಕಪ್ಪು ಜನ ತಮ್ಮ ತಂಡಗಳನ್ನು ತಾವೇ ಕಟ್ಟಿ, ತಮ್ಮ ಊರುಕೇರಿಗಳ ಕಾಸಿನಿಂದ ನಡೆಸಿದರು. ಸ್ಯಾಚೆಲ್ ಪೇಜ್, ಜಾಷ್ ಗಿಬ್ಸನ್‌ರಂಥ ಮಹಾ ಆಟಗಾರರು ಅಲ್ಲಿ ಬೆಳೆದರು.

1945ರಲ್ಲಿ ಬ್ರೂಕ್ಲಿನ್ ತಂಡದ ಬ್ರಾಂಚ್ ರಿಕಿ, ಕ್ಯಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿದ್ದ ಜಾಕಿ ರಾಬಿನ್‌ಸನ್‌ನನ್ನು ಕರೆದುಕೊಂಡ. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ದೊಡ್ಡ ಲೀಗಿನಲ್ಲಿ ಕಾಲಿಟ್ಟ. ಅವನು ನುಂಗಿದ ಬೈಗುಳ, ತೋರಿಸಿದ ಧೈರ್ಯ ಎಲ್ಲರೂ ಹೇಳುವ ಕಥೆ. ಹೇಳದೆ ಬಿಡುವ ಮಾತೊಂದಿದೆ. ಮೊನಾರ್ಕ್ಸ್ ತಂಡಕ್ಕೆ ರಿಕಿ ಒಂದು ಕಾಸೂ ಕೊಡಲಿಲ್ಲ. ಅವು ಸರಿಯಾದ ಲೀಗುಗಳೇ ಅಲ್ಲ, ಅವರ ಕರಾರು ಕರಾರೇ ಅಲ್ಲ ಅಂತ ಅವನ ವಾದ. ಬಿಳಿ ಮಾಲೀಕನ ಮೀಸಲು ಕರಾರಿಗೆ ಸುಪ್ರೀಂ ಕೋರ್ಟಿನ ಕಾವಲು, ಕಪ್ಪು ಜನರ ಲೀಗಿನ ಕರಾರಿಗೆ ಕಾಗದದ ಬೆಲೆಯೂ ಇಲ್ಲ.

ನ್ಯೂಯಾರ್ಕ್ ಈಗಲ್ಸ್ ಅಲ್ಲ, ಅದರ ಪಕ್ಕದ ನೂವಾರ್ಕ್ ಊರಿನ ಈಗಲ್ಸ್ ತಂಡವನ್ನು ನಡೆಸುತ್ತಿದ್ದವಳು ಎಫಾ ಮ್ಯಾನ್ಲಿ ಎಂಬ ಗಟ್ಟಿ ಹೆಣ್ಣುಮಗಳು. ಡಾನ್ ನ್ಯೂಕೂಂಬ್‌ನನ್ನು ಬ್ರೂಕ್ಲಿನ್ ಹಾಗೇ ಎತ್ತಿಕೊಂಡು ಹೋದಾಗ ಅವಳು ಸುಮ್ಮನಿರಲಿಲ್ಲ. 1947ರಲ್ಲಿ ಲ್ಯಾರಿ ಡೋಬಿಯನ್ನು ಕ್ಲೀವ್‌ಲೆಂಡ್ ಕೇಳಿದಾಗ ಹಟ ಹಿಡಿದು 15,000 ಡಾಲರ್ ವಸೂಲು ಮಾಡಿದಳು. ಬಿಳಿ ಆಟಗಾರನಾಗಿದ್ದರೆ ಇದರ ಎಷ್ಟೋ ಪಟ್ಟು ಬರುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು. ಮುಂದಿನ ವರ್ಷಗಳಲ್ಲಿ ಆಟಗಾರರು ಒಬ್ಬೊಬ್ಬರಾಗಿ ಹೋದರು, ಅವರ ಹಿಂದೆ ಜನ ಹೋದರು, ಕಪ್ಪು ಜನರ ಲೀಗುಗಳು ಬರಿದಾದವು. ಬಾಗಿಲು ತೆರೆದದ್ದು ಗೆಲುವು ಹೌದು. ಆದರೆ ಆಟಗಾರ ಮಾತ್ರ ಒಳಗೆ ಹೋದ. ಅವನನ್ನು ಬೆಳೆಸಿದ ಸಂಸ್ಥೆ ಹೊರಗೇ ಸತ್ತಿತು. ಆ ಲೀಗುಗಳೂ ‘ದೊಡ್ಡ ಲೀಗು’ಗಳೇ ಎಂದು ಅಮೆರಿಕದ ಬೇಸ್‌ಬಾಲ್ ಒಪ್ಪಿದ್ದು 2020ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಆಡಿದವರಲ್ಲಿ ಹೆಚ್ಚಿನವರು ಮಣ್ಣಾಗಿದ್ದರು.

5

ಕರ್ಟ್ ಫ್ಲಡ್ ಹುಟ್ಟಿದ್ದು 1938ರಲ್ಲಿ, ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ. ಹದಿನೆಂಟನೇ ವಯಸ್ಸಿಗೆ ದಕ್ಷಿಣದ ಸಣ್ಣ ಲೀಗಿಗೆ ಆಡಲು ಹೋದ. ತಂಡದ ಜೊತೆ ಆಡಬಹುದು, ತಂಡದ ಜೊತೆ ಕೂತು ಉಣ್ಣುವ ಹಾಗಿಲ್ಲ. ಅವನೇ ಹೇಳಿಕೊಂಡ ಒಂದು ಘಟನೆ ಇದೆ. ಒಂದೇ ದಿನ ಎರಡು ಪಂದ್ಯ. ಮೊದಲನೆಯದು ಮುಗಿದ ಮೇಲೆ ಎಲ್ಲರ ಹಾಗೆ ಇವನೂ ಬೆವರಿನ ಬಟ್ಟೆಯನ್ನು ರಾಶಿಗೆ ಎಸೆದ. ಕೋಣೆಯ ಉಸ್ತುವಾರಿಯವನು ಒಂದು ಉದ್ದ ಕೋಲು ತಂದು, ಇವನ ಬಟ್ಟೆಯನ್ನಷ್ಟೇ ಕೋಲಿನ ತುದಿಯಲ್ಲಿ ಎತ್ತಿ ಬೇರೆ ಹಾಕಿದ. ಬಿಳಿಯರ ಬಟ್ಟೆ ಹತ್ತಿರದಲ್ಲೇ ಒಗೆದು ಬಂತು. ಇವನದ್ದು ಊರಾಚೆ ಕಪ್ಪು ಜನರ ಅಂಗಡಿಗೆ ಹೋಯಿತು. ಅದು ಬರುವ ತನಕ ಇವನು ಬರಿಮೈಯಲ್ಲಿ ಕೂತಿದ್ದ.

ಆ ಕೋಲು ಯಾವುದು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1957ರ ಡಿಸೆಂಬರಿನಲ್ಲಿ ಸಿನ್ಸಿನಾಟಿ ತಂಡ ಅವನನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟುಬಿಟ್ಟಿತು. ಹತ್ತೊಂಬತ್ತರ ಹುಡುಗ, ಬಾಯಿ ಮುಚ್ಚಿಕೊಂಡು ಹೋದ. ಅಲ್ಲಿ ಹನ್ನೆರಡು ವರ್ಷ ಆಡಿದ. 1964ರಲ್ಲಿ, 1967ರಲ್ಲಿ ತಂಡ ವಿಶ್ವ ಸರಣಿ ಗೆದ್ದಿತು. ಕ್ಷೇತ್ರರಕ್ಷಣೆಗೆ ಕೊಡುವ ‘ಗೋಲ್ಡ್ ಗ್ಲೋವ್’ ಅವನಿಗೆ ಸತತ ಏಳು ಸಲ ಬಂತು. ಮೈದಾನದ ಹೊರಗೆ ಅವನು 1962ರಲ್ಲಿ ಜಾಕಿ ರಾಬಿನ್‌ಸನ್ ಜೊತೆ ಮಿಸಿಸಿಪಿಯ ಜಾಕ್ಸನ್‌ಗೆ ಹೋಗಿ ಕಪ್ಪು ಜನರ ಹಕ್ಕಿನ ಸಭೆಯಲ್ಲಿ ನಿಂತ. 1964ರಲ್ಲಿ ಕ್ಯಾಲಿಫೋರ್ನಿಯಾದ ಬಿಳಿಯರ ಬಡಾವಣೆಯೊಂದರಲ್ಲಿ ಬಾಡಿಗೆ ಮನೆಗೆ ಹೋಗಲು ಕೋರ್ಟಿನ ಆದೇಶ ಹಿಡಿದೇ ಹೋಗಬೇಕಾಯಿತು.

1969ರ ಅಕ್ಟೋಬರಿನಲ್ಲಿ ಒಂದು ಮುಂಜಾನೆ ಫೋನ್ ಬಂತು. ತಂಡದ ಕಚೇರಿಯ ಒಬ್ಬ ನೌಕರ ಎರಡು ಮಾತಿನಲ್ಲಿ ಮುಗಿಸಿದ: ನಿನ್ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಾಗಿದೆ. ಇವನು ಮತ್ತು ಮೂವರು ಅತ್ತ, ಡಿಕ್ ಆಲನ್ ಮತ್ತು ಇಬ್ಬರು ಇತ್ತ. ಆಲನ್ ಕೂಡ ಕಪ್ಪು ಆಟಗಾರ, ಫಿಲಡೆಲ್ಫಿಯಾದ ಜನರ ಬೈಗುಳ ತಿಂದು ಸಾಕಾಗಿ ಅಲ್ಲಿಂದ ಬಿಡುಗಡೆ ಬಯಸಿದ್ದವನು. ಒಬ್ಬ ಹೋಗಬೇಕು ಅಂತಿದ್ದ, ಇನ್ನೊಬ್ಬ ಹೋಗಲ್ಲ ಅಂತಿದ್ದ. ಇಬ್ಬರನ್ನೂ ಕೇಳಿದವರಿಲ್ಲ.

ಫ್ಲಡ್ ಸಂಬಳ ಆಗ 90,000 ಡಾಲರ್. ಫಿಲಡೆಲ್ಫಿಯಾ ಇನ್ನೂ ಹೆಚ್ಚು ಕೊಡಲು ಸಿದ್ಧವಿತ್ತು. ಇಲ್ಲೇ ನಮ್ಮ ಗೆಳೆಯರು ಕೇಳುತ್ತಾರೆ: “ತೊಂಬತ್ತು ಸಾವಿರ ಡಾಲರ್ ಎಣಿಸೋನಿಗೆ ಎಂಥ ಕಷ್ಟ ಕಣಯ್ಯಾ? ಜೀತದ ಮಾತು ಅವನ ಬಾಯಲ್ಲಿ ಬರಬಹುದಾ?” ಕೇಳಬೇಕಾದ ಪ್ರಶ್ನೆಯೇ. ಗೌಡನ ಕೊಟ್ಟಿಗೆಯಲ್ಲಿ ಸಾಲಕ್ಕೆ ದುಡಿದವನ ಬದುಕೂ ಇದೂ ಒಂದೇ ಎಂದು ನಾವು ಹೇಳುವುದಿಲ್ಲ. ಈ ಪ್ರಶ್ನೆಯನ್ನು ಅಮೆರಿಕದ ಟೆಲಿವಿಷನ್ನಿನಲ್ಲೂ ಫ್ಲಡ್‌ಗೆ ಕೇಳಿದರು. ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ ಎಂಬ ಅರ್ಥದ ಉತ್ತರ ಕೊಟ್ಟ. ಅವನು ಕೇಳಿದ್ದು ಹೆಚ್ಚು ದುಡ್ಡಲ್ಲ. ‘ಒಲ್ಲೆ’ ಅನ್ನುವ ಹಕ್ಕು. ಆ ಒಂದು ಮಾತು ಬಾಯಲ್ಲಿ ಇಲ್ಲದಿದ್ದರೆ ಸಂಬಳ ಎಷ್ಟಿದ್ದರೂ ಅದು ಧಣಿಯ ದಯೆ.

1969ರ ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೋವಿ ಕ್ಯೂನ್‌ಗೆ ಪತ್ರ ಬರೆದ. ನನ್ನ ಇಷ್ಟ ಕೇಳದೆ ಕೊಂಡು ಮಾರಲು ನಾನು ಯಾರ ಸೊತ್ತೂ ಅಲ್ಲ ಎಂಬುದು ಅದರ ತಿರುಳು. ನೀನು ಮನುಷ್ಯ ನಿಜ, ಆದರೆ ಕರಾರಿಗೆ ಸಹಿ ಹಾಕಿದ್ದೀಯಲ್ಲ ಎಂಬ ಧಾಟಿಯಲ್ಲಿ ಕ್ಯೂನ್ ಉತ್ತರಿಸಿದ. 1970ರ ಜನವರಿಯಲ್ಲಿ ಫ್ಲಡ್ ಮೊಕದ್ದಮೆ ಹೂಡಿದ.

ಆಟಗಾರರ ಸಂಘದ ಮುಖಂಡ ಮಾರ್ವಿನ್ ಮಿಲ್ಲರ್ ಮೊದಲೇ ಎಚ್ಚರಿಸಿದ್ದ: ಗೆಲ್ಲುವ ಭರವಸೆ ಕಡಿಮೆ, ಗೆದ್ದರೂ ನಿನಗೆ ಸಿಗುವುದು ಏನೂ ಇಲ್ಲ, ನಿನ್ನ ಆಟ ಅಲ್ಲಿಗೆ ಮುಗಿಯುತ್ತೆ. ಮುಂದಿನವರಿಗೆ ಉಪಯೋಗವಾಗುತ್ತಾ ಎಂದು ಫ್ಲಡ್ ಕೇಳಿದ. ಆಗುತ್ತೆ ಅಂದಾಗ ಹಾಗಾದರೆ ಸರಿ ಅಂದ. ಸಂಘ ಒಮ್ಮತದಿಂದ ವಕೀಲರ ಖರ್ಚು ಹೊತ್ತುಕೊಂಡಿತು. ಆದರೆ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ಆಗ ಆಡುತ್ತಿದ್ದ ಒಬ್ಬನೇ ಒಬ್ಬ ಆಟಗಾರನೂ ಬಂದು ಅವನ ಪಕ್ಕ ಕೂರಲಿಲ್ಲ. ಎಲ್ಲರಿಗೂ ಅವರವರ ಮಾಲೀಕರ ಭಯ. ಬಂದವರು ಆಟ ಬಿಟ್ಟವರು: ಕಾಯಿಲೆಯಿಂದ ಕುಗ್ಗಿದ್ದ ಜಾಕಿ ರಾಬಿನ್‌ಸನ್, ಯೆಹೂದಿ ಎಂಬ ಕಾರಣಕ್ಕೆ ಬೈಗುಳ ಉಂಡಿದ್ದ ಹ್ಯಾಂಕ್ ಗ್ರೀನ್‌ಬರ್ಗ್.

1972ರ ಜೂನ್ 19ರಂದು ಸುಪ್ರೀಂ ಕೋರ್ಟ್ 5-3ರಲ್ಲಿ ಫ್ಲಡ್ ವಿರುದ್ಧ ತೀರ್ಪು ಕೊಟ್ಟಿತು. ಬೇಸ್‌ಬಾಲ್‌ಗೆ ಕೊಟ್ಟ ವಿನಾಯಿತಿ ವಿಚಿತ್ರವಾದದ್ದೇ ಎಂದು ಒಪ್ಪಿತು. ಆದರೂ ಹಳೇದು, ಬದಲಾಯಿಸಬೇಕಾದರೆ ಸಂಸತ್ತು ಬದಲಾಯಿಸಲಿ ಎಂದು ಕೈ ತೊಳೆದುಕೊಂಡಿತು. ಆ ಪೀಠದಲ್ಲಿದ್ದ ಒಬ್ಬನೇ ಕಪ್ಪು ನ್ಯಾಯಮೂರ್ತಿ ತರ್‌ಗುಡ್ ಮಾರ್ಷಲ್ ಭಿನ್ನಮತ ಬರೆದರು.

ಫ್ಲಡ್ ಮುಗಿದ. 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ 13 ಪಂದ್ಯ ಆಡಿ ಕೈಬಿಟ್ಟಿದ್ದ. ಸ್ಪೇನಿಗೆ ಹೋದ, ಕುಡಿತ ಹತ್ತಿತು, ಸಾಲ ಹತ್ತಿತು. ಗಂಟಲ ಕ್ಯಾನ್ಸರಿನಿಂದ 1997ರ ಜನವರಿ 20ರಂದು ಸತ್ತ. 59 ವರ್ಷ. ಅವನ ಹೆಸರಿನ ಕಾನೂನು, ‘ಕರ್ಟ್ ಫ್ಲಡ್ ಆಕ್ಟ್’, ಬಂದದ್ದು 1998ರಲ್ಲಿ. ಬದುಕಿದ್ದಾಗ ಕೋರ್ಟು ಕೊಡಲಿಲ್ಲ, ಸತ್ತ ಮೇಲೆ ಸಂಸತ್ತು ಹೆಸರಿಟ್ಟಿತು. ಇಂಥ ಗೌರವ ನಮಗೂ ಹೊಸದಲ್ಲ.

6

ಆದರೆ ಹೋರಾಟ ಕೋರ್ಟಿನಲ್ಲಿ ಮಾತ್ರ ನಡೆಯುವುದಿಲ್ಲ. ಮಾರ್ವಿನ್ ಮಿಲ್ಲರ್ ಉಕ್ಕು ಕಾರ್ಮಿಕರ ಸಂಘದಲ್ಲಿ ಪಳಗಿದವನು. 1966ರಲ್ಲಿ ಅವನು ಆಟಗಾರರ ಸಂಘಕ್ಕೆ ಬಂದಾಗ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರ್. 1968ರಲ್ಲಿ ಮೊದಲ ಸಾಮೂಹಿಕ ಒಪ್ಪಂದ, ಕನಿಷ್ಠ 10,000. 1970ರಲ್ಲಿ ಜಗಳಗಳನ್ನು ಹೊರಗಿನ ಮಧ್ಯಸ್ಥನ ಮುಂದೆ ಒಯ್ಯುವ ಹಕ್ಕು ಗಿಟ್ಟಿಸಿದ. ಈ ಚಿಕ್ಕ ಷರತ್ತು ಮುಂದೆ ದೊಡ್ಡ ಕೋಟೆಯನ್ನು ಕೆಡವಿತು. 1973ರಿಂದ ಹತ್ತು ವರ್ಷ ದೊಡ್ಡ ಲೀಗಿನಲ್ಲಿದ್ದು, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನು ವಿನಿಮಯಕ್ಕೆ ಒಲ್ಲೆ ಅನ್ನಬಹುದು ಎಂದಾಯಿತು. ಫ್ಲಡ್‌ಗೆ ಅದು ನಾಲ್ಕು ವರ್ಷ ತಡ.

1975ರಲ್ಲಿ ಲಾಸ್ ಏಂಜಲಿಸ್‌ನ ಆಂಡಿ ಮೆಸ್ಸರ್‌ಸ್ಮಿತ್ ತನ್ನ ಒಪ್ಪಿಗೆ ಇಲ್ಲದೆ ವಿನಿಮಯ ಮಾಡಬಾರದು ಎಂಬ ಷರತ್ತು ಕೇಳಿದ. ತಂಡ ಒಪ್ಪಲಿಲ್ಲ. ಅವನು ಸಹಿ ಹಾಕದೆ ವರ್ಷವಿಡೀ ಆಡಿದ. ಮಾಂಟ್ರಿಯಲ್ ತಂಡದ ಡೇವ್ ಮ್ಯಾಕ್‌ನಲಿಯೂ ಸಹಿ ಹಾಕಿರಲಿಲ್ಲ. ಕರಾರು ಮುಂದುವರಿಸುವ ಹಕ್ಕು ಒಂದು ವರ್ಷಕ್ಕೋ, ಜನ್ಮಪೂರ್ತಿಗೋ? ಒಂದೇ ವರ್ಷಕ್ಕೆ ಎಂದು ಮಧ್ಯಸ್ಥ ಪೀಟರ್ ಸೈಟ್ಜ್ 1975ರ ಡಿಸೆಂಬರ್ 23ರಂದು ತೀರ್ಪು ಕೊಟ್ಟ. ಮಾಲೀಕರು ತಕ್ಷಣ ಅವನನ್ನು ಕೆಲಸದಿಂದ ತೆಗೆದರು. ತೀರ್ಪನ್ನು ತೆಗೆಯಲು ಆಗಲಿಲ್ಲ. 1976ರ ಒಪ್ಪಂದದಲ್ಲಿ ಆರು ವರ್ಷ ಆಡಿದವನು ಸ್ವತಂತ್ರ ಎಂದಾಯಿತು.

ಆ ವರ್ಷದ ಗಡುವು ನೋಡಬೇಕು. 1976ರ ಜೂನ್ 15. ಓಕ್‌ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲೆ, ಆಟಗಾರರು ಸ್ವತಂತ್ರರಾಗಿ ಹೋಗುವ ಮೊದಲೇ ಕಾಸು ಮಾಡಿಕೊಳ್ಳಲು ಸಂತೆ ತೆರೆದ. ವೈಡಾ ಬ್ಲೂನನ್ನು ಯಾಂಕೀಸ್‌ಗೆ 15 ಲಕ್ಷ ಡಾಲರಿಗೆ ಮಾರಿದ. ರೋಲಿ ಫಿಂಗರ್ಸ್, ಜೋ ರುಡಿ ಇಬ್ಬರನ್ನು ಬಾಸ್ಟನ್ನಿಗೆ ತಲಾ 10 ಲಕ್ಷಕ್ಕೆ ಮಾರಿದ. ಈ ವೈಡಾ ಬ್ಲೂ ಯಾರು? ಬಡತನದಿಂದ ಬಂದ ಕಪ್ಪು ಯುವಕ. 1971ರಲ್ಲಿ 24 ಪಂದ್ಯ ಗೆಲ್ಲಿಸಿಕೊಟ್ಟು ವರ್ಷದ ಅತ್ಯುತ್ತಮ ಆಟಗಾರನಾದ. ಆ ವರ್ಷ ಅವನ ಸಂಬಳ 14,750 ಡಾಲರ್. ಜಾಹೀರಾತಿಗೆ ಚೆನ್ನಾಗಿರುತ್ತೆ ಅಂತ ಫಿನ್ಲೆ ಅವನ ಹೆಸರನ್ನೇ ಬದಲಾಯಿಸಿ ‘ಟ್ರೂ’ ಅಂತಿಡಲು ಹೊರಟಿದ್ದ. ವೈಡಾ ಅಂದರೆ ತೀರಿಕೊಂಡ ಅವನ ಅಪ್ಪನ ಹೆಸರು. ಆಗಲ್ಲ ಅಂದ ಬ್ಲೂ. ಆ ಹೆಸರಿನ ಮೇಲೆಯೇ ಐದು ವರ್ಷದ ನಂತರ 15 ಲಕ್ಷದ ಬೆಲೆಚೀಟಿ ಅಂಟಿಸಿದರು. ಬೆಲೆ ಬ್ಲೂನದು, ಜೇಬು ಫಿನ್ಲೆಯದು.

ಮೂರೇ ದಿನದಲ್ಲಿ ಕಮಿಷನರ್ ಕ್ಯೂನ್ ಆಟದ ಹಿತದೃಷ್ಟಿಯಿಂದ ಎಂದು ಹೇಳಿ ಮಾರಾಟ ರದ್ದು ಮಾಡಿದ. ಫ್ಲಡ್‌ನನ್ನು ಮಾರಿದಾಗ ಆಟದ ಹಿತಕ್ಕೆ ಧಕ್ಕೆ ಬರಲಿಲ್ಲ. ಒಂದು ತಂಡ ತೀರಾ ಬಲವಾಗಿಬಿಡುತ್ತೆ ಅಂದಾಗ ಮಾತ್ರ ಹಿತ ನೆನಪಾಯಿತು.

7

ಈಗ ‘ದುಬಾರಿ’ ಕರಾರಿನ ಮಾತಿಗೆ ಬರೋಣ. 1976ರಲ್ಲಿ ಸರಾಸರಿ ಸಂಬಳ 51,000 ಡಾಲರ್ ಆಸುಪಾಸು. 1980ರ ಹೊತ್ತಿಗೆ 1,43,000 ದಾಟಿತು. ಕೆಲಸ ಅದೇ, ಆಟ ಅದೇ. ಹಿಂದೆ ಬಚ್ಚಿಟ್ಟಿದ್ದ ಬೆಲೆ ಈಗ ಹೊರಗೆ ಬಂತು ಅಷ್ಟೆ. ಮಾಲೀಕರು ಆಟ ಹಾಳಾಯಿತು ಎಂದು ಎದೆ ಬಡಿದುಕೊಂಡರು. 1985ರಿಂದ 1987ರ ತನಕ ಒಳಗೊಳಗೇ ಕೂಡಿಕೊಂಡು, ಸ್ವತಂತ್ರ ಆಟಗಾರನನ್ನು ಯಾರೂ ಕೊಳ್ಳಬಾರದು ಎಂದು ಕಟ್ಟು ಮಾಡಿದರು. ಆ್ಯಂಡ್ರೆ ಡಾಸನ್ ಎಂಬ ಕಪ್ಪು ಆಟಗಾರ 1986ರಲ್ಲಿ ಮಾಂಟ್ರಿಯಲ್‌ನಲ್ಲಿ 10 ಲಕ್ಷಕ್ಕೂ ಹೆಚ್ಚು ಪಡೆಯುತ್ತಿದ್ದವನು. 1987ರಲ್ಲಿ ಕೇಳುವವರಿಲ್ಲದೆ ಷಿಕಾಗೋ ಕಬ್ಸ್ ತಂಡಕ್ಕೆ ಖಾಲಿ ಕರಾರಿಗೆ ಸಹಿ ಹಾಕಿಕೊಟ್ಟು, ನೀವೇ ತುಂಬಿಕೊಳ್ಳಿ ಅಂದ. ಮೂಲ ಸಂಬಳ 5 ಲಕ್ಷ ಬರೆದರು. ಆ ವರ್ಷ 49 ಹೋಂ ರನ್ ಹೊಡೆದು ಲೀಗಿನ ಅತ್ಯುತ್ತಮ ಆಟಗಾರನಾದ. ಸಂಚು ಬಯಲಾಗಿ 1990ರಲ್ಲಿ ಮಾಲೀಕರು 28 ಕೋಟಿ ಡಾಲರ್ ಪರಿಹಾರ ಒಪ್ಪಿಕೊಂಡರು. ಡಾಸನ್‌ನದು ‘ಅಗ್ಗದ ಕರಾರು’ ಎಂದು ಯಾರೂ ನಗಲಿಲ್ಲ.

ದುಬಾರಿ ಪಟ್ಟಿಯಲ್ಲಿ ತಪ್ಪದೆ ಬರುವ ಹೆಸರು ರಯಾನ್ ಹೊವರ್ಡ್. ಫಿಲಡೆಲ್ಫಿಯಾ ತಂಡ 2010ರಲ್ಲಿ ಅವನಿಗೆ ಐದು ವರ್ಷಕ್ಕೆ 12 ಕೋಟಿ 50 ಲಕ್ಷ ಡಾಲರಿನ ಕರಾರು ಕೊಟ್ಟಿತು. ಅದು 2012ರಿಂದ ಶುರುವಾಗಬೇಕು. 2011ರ ಕೊನೇ ಪಂದ್ಯದ ಕೊನೇ ಹೊಡೆತಕ್ಕೆ ಓಡುವಾಗ ಹಿಮ್ಮಡಿಯ ನರ ಹರಿಯಿತು. ಆಮೇಲೆ ಅವನು ಮೊದಲಿನ ಆಟಗಾರನಾಗಲಿಲ್ಲ. ಐದು ವರ್ಷವೂ ಬೈಗುಳ. ಆದರೆ 2006ರಲ್ಲಿ ಇದೇ ಹೊವರ್ಡ್ 58 ಹೋಂ ರನ್ ಹೊಡೆದು ಅತ್ಯುತ್ತಮ ಆಟಗಾರನಾದಾಗ ಅವನ ಸಂಬಳ 3,55,000 ಡಾಲರ್. ಮೊದಲ ಆರು ವರ್ಷ ಆಟಗಾರ ಕಟ್ಟಿಹಾಕಿದ ದನ. ಮಂಡಿ ಗಟ್ಟಿ ಇರುವ ವಯಸ್ಸಿನ ದುಡಿಮೆ ಅಗ್ಗಕ್ಕೆ ಹೋಗುತ್ತದೆ. ಹಗ್ಗ ಬಿಚ್ಚುವಾಗ ಮೂವತ್ತರ ಹತ್ತಿರ ಬಂದಿರುತ್ತಾನೆ. ಆಗ ಸಿಗುವ ದೊಡ್ಡ ಮೊತ್ತ ಹಳೇ ಬಾಕಿಯೂ ಹೌದು. ಪಟ್ಟಿ ಬರೆಯುವವರು ಕೊನೇ ಪುಟ ಮಾತ್ರ ಓದುತ್ತಾರೆ, ಮೊದಲ ಪುಟ ತಿರುವುವುದಿಲ್ಲ.

ಇನ್ನೊಬ್ಬ ಬಾಬಿ ಬೊನಿಯಾ. 2000ದಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಇವನನ್ನು ಬೇಡ ಅಂದಿತು. ಕೊಡಬೇಕಾಗಿದ್ದ ಬಾಕಿ 59 ಲಕ್ಷ ಡಾಲರ್. ಈಗ ಬೇಡ, ಆಮೇಲೆ ಶೇಕಡಾ 8 ಬಡ್ಡಿ ಸೇರಿಸಿ ಕೊಡುತ್ತೇವೆ ಎಂದು ಮಾಲೀಕರು ಒಪ್ಪಿದರು. ಅದರ ಪ್ರಕಾರ 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಅವನಿಗೆ ಸುಮಾರು 11 ಲಕ್ಷ 93 ಸಾವಿರ ಡಾಲರ್ ಸಲ್ಲಬೇಕು. ಆ ದಿನ ಬಂತೆಂದರೆ ದೇಶವೆಲ್ಲ ‘ಬಾಬಿ ಬೊನಿಯಾ ದಿನ’ ಅಂತ ನಗುತ್ತದೆ. ಆಟ ಬಿಟ್ಟವನಿಗೆ ಪುಕ್ಕಟೆ ದುಡ್ಡಂತೆ! ಪುಕ್ಕಟೆ ಅಲ್ಲ, ಅದು ಅವನ ಸಂಬಳದ ಬಾಕಿ ಮತ್ತು ಬಡ್ಡಿ. ಮಾಲೀಕರು ಆಗ ಬರ್ನಿ ಮೇಡಾಫ್ ಎಂಬ ಹಣಗಾರನ ಬಳಿ ದುಡ್ಡು ಹಾಕಿದ್ದರು, ಅಲ್ಲಿ ಎಂಟಕ್ಕಿಂತ ಹೆಚ್ಚು ಹುಟ್ಟುತ್ತೆ ಅಂತ ನಂಬಿದ್ದರು. 2008ರಲ್ಲಿ ಮೇಡಾಫ್ ಮಹಾ ವಂಚಕ ಎಂದು ಸಿಕ್ಕಿಬಿದ್ದ. ಲೆಕ್ಕ ತಪ್ಪಿದ್ದು ಧಣಿಯದು, ನಗೆಪಾಟಲಾದದ್ದು ಆಟಗಾರ.

ತಂಡಗಳ ಬೆಲೆಗೆ ಮಾತ್ರ ಈ ನಗೆ ಇಲ್ಲ. ವಾಲ್‌ಮಾರ್ಟ್ ಕಂಪನಿಯ ಮುಖ್ಯಸ್ಥನಾಗಿದ್ದ ಡೇವಿಡ್ ಗ್ಲಾಸ್ 2000ದಲ್ಲಿ ಕ್ಯಾನ್ಸಾಸ್ ಸಿಟಿ ರಾಯಲ್ಸ್ ತಂಡವನ್ನು 9 ಕೋಟಿ 60 ಲಕ್ಷ ಡಾಲರಿಗೆ ಕೊಂಡ. 2019ರಲ್ಲಿ ಸುಮಾರು 100 ಕೋಟಿಗೆ ಮಾರಿದ. ಅವನು ಒಂದು ಚೆಂಡನ್ನೂ ಹೊಡೆದವನಲ್ಲ. ಆ ಬೆಲೆಯನ್ನು ಯಾರೂ ದುಬಾರಿ ಎನ್ನಲಿಲ್ಲ, ವ್ಯವಹಾರ ಜಾಣ್ಮೆ ಅಂದರು.

8

ಹಾಗಾದರೆ ಆಟಗಾರರು ಗೆದ್ದುಬಿಟ್ಟರೇ? ಅರ್ಧ. 2015ರ ಜುಲೈ 29ರ ರಾತ್ರಿ ಮೆಟ್ಸ್ ತಂಡದ ವಿಲ್ಮರ್ ಫ್ಲೋರೆಸ್ ಮೈದಾನದಲ್ಲಿದ್ದ. ವೆನೆಜುವೆಲಾದ ಹುಡುಗ, ಹದಿನಾರನೇ ವಯಸ್ಸಿಗೆ ಅದೇ ತಂಡಕ್ಕೆ ಸಹಿ ಹಾಕಿದವನು. ಗಡುವಿಗೆ ಎರಡು ದಿನ ಬಾಕಿ. ಅವನನ್ನು ಮಿಲ್ವಾಕೀಗೆ ಕೊಟ್ಟಿದ್ದಾರೆ ಎಂಬ ಸುದ್ದಿ ಪ್ರೇಕ್ಷಕರ ಫೋನುಗಳಿಗೆ ಬಂತು. ಅವನಿಗೆ ಹೇಳಿದವರೂ ಪ್ರೇಕ್ಷಕರೇ. ಆಡುತ್ತಲೇ ಅತ್ತ, ತೋಳಿನಿಂದ ಕಣ್ಣು ಒರೆಸಿಕೊಂಡ. ಲಕ್ಷಾಂತರ ಮಂದಿ ಟೀವಿಯಲ್ಲಿ ಕಂಡರು. ಕೊನೆಗೆ ಆ ವ್ಯವಹಾರ ಮುರಿದುಬಿತ್ತು. ಜುಲೈ 31ರಂದು ಅವನೇ ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಹೋಂ ರನ್ ಹೊಡೆದು ತಂಡವನ್ನು ಗೆಲ್ಲಿಸಿದ. ಜನ ಕುಣಿದರು. ಆದರೆ ಮುರಿದುಬಿದ್ದದ್ದು ಅವನ ಕಣ್ಣೀರಿಗಲ್ಲ, ಎರಡು ತಂಡಗಳ ಲೆಕ್ಕ ಕೂಡಲಿಲ್ಲ ಅಂತ.

ಗಡುವಿನ ದಿನ ದೊಡ್ಡ ಆಟಗಾರನ ಬದಲಿಗೆ ಕೈ ಬದಲಾಯಿಸುವವರು ಹೆಚ್ಚಾಗಿ ಸಣ್ಣ ಲೀಗಿನ ಹುಡುಗರು. ಅವರಲ್ಲಿ ಎಷ್ಟೋ ಮಂದಿ ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾಗಳಿಂದ ಹದಿನಾರಕ್ಕೇ ಸಹಿ ಹಾಕಿ ಬಂದವರು. 2020ರವರೆಗೆ ಸಣ್ಣ ಲೀಗಿನ ಕೆಳಹಂತದಲ್ಲಿ ಕನಿಷ್ಠ ಸಂಬಳ ವಾರಕ್ಕೆ 290 ಡಾಲರ್, ಅದೂ ಪಂದ್ಯಗಳಿರುವ ತಿಂಗಳುಗಳಲ್ಲಿ ಮಾತ್ರ. 2018ರಲ್ಲಿ ಮಾಲೀಕರು ಇವರನ್ನು ಕನಿಷ್ಠ ಕೂಲಿ ಕಾನೂನಿನ ಹೊರಗಿಡುವ ಕಾಯಿದೆಯನ್ನೇ ಮಾಡಿಸಿಕೊಂಡರು. 2014ರಲ್ಲಿ ಈ ಹುಡುಗರು ಹಾಕಿದ್ದ ಕೂಲಿ ಮೊಕದ್ದಮೆ 2022ರಲ್ಲಿ 18 ಕೋಟಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅದೇ 2022ರಲ್ಲಿ ಇವರು ಆಟಗಾರರ ಸಂಘದೊಳಗೆ ಬಂದರು. ಮಿಲ್ಲರ್ ಕಾಲದಿಂದ ಐವತ್ತಾರು ವರ್ಷ ದೊಡ್ಡ ಲೀಗಿನವರ ಸಂಘ ಇವರಿಗೆ ಬಾಗಿಲು ತೆರೆದಿರಲಿಲ್ಲ. ಮೇಲಿನ ಮೆಟ್ಟಿಲು ಹತ್ತಿದವನು ಕೆಳಗಿನವನನ್ನು ಮರೆಯುವ ರೋಗ ಅಲ್ಲೂ ಉಂಟು.

ಇನ್ನೂ ಒಂದು ಲೆಕ್ಕ. ದೊಡ್ಡ ಲೀಗುಗಳಲ್ಲಿ ಅಮೆರಿಕದ ಕಪ್ಪು ಆಟಗಾರರ ಪಾಲು 1981ರಲ್ಲಿ ನೂರಕ್ಕೆ 18ರ ಮೇಲಿತ್ತು. 2024ರ ಹೊತ್ತಿಗೆ 6ರ ಸುಮಾರಿಗೆ ಇಳಿಯಿತು. 2022ರ ವಿಶ್ವ ಸರಣಿಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ, 1950ರ ನಂತರ ಮೊದಲ ಸಲ. ಹಗ್ಗ ಬಿಚ್ಚಲು ತನ್ನ ಬದುಕು ಸುಟ್ಟುಕೊಂಡವನ ಜನ ಅಂಗಳದಿಂದಲೇ ಮರೆಯಾಗುತ್ತಿದ್ದಾರೆ.

9

ಈ ಚರಿತ್ರೆಯನ್ನು ಮುಂದಿಟ್ಟುಕೊಂಡು ನಮ್ಮ ಪ್ರಶ್ನೆಗೆ ಉತ್ತರ ಹೇಳಬಹುದು. 1887ರ ಹತ್ತು ಸಾವಿರ ದುಬಾರಿಯಾಗಲಿಲ್ಲ, 1920ರ ಲಕ್ಷವೂ ಆಗಲಿಲ್ಲ, ಅವು ಧಣಿಯಿಂದ ಧಣಿಗೆ ಹೋದವು. ರಾಬಿನ್‌ಸನ್‌ನನ್ನು ಬೆಳೆಸಿದ ತಂಡಕ್ಕೆ ಸೊನ್ನೆ ಕೊಟ್ಟದ್ದು ಅನ್ಯಾಯವೆಂದು ದೊಡ್ಡ ಪತ್ರಿಕೆಗಳು ಗೋಳಾಡಲಿಲ್ಲ. ಬೆಲೆ ಯಾವತ್ತು ದುಡಿದವನ ಕೈಗೇ ಬರತೊಡಗಿತೋ ಅವತ್ತಿನಿಂದ ಅದು ‘ದುಬಾರಿ’. ಸಂಬಳ ಹೆಚ್ಚಾಯಿತು ಎಂಬ ಕೂಗು ಕೇಳಿದಾಗಲೆಲ್ಲ, ಇದಕ್ಕೆ ಮೊದಲು ಆ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಎಂದು ವಿದ್ಯಾರ್ಥಿಗಳು ಕೇಳಬೇಕು, ಮೇಷ್ಟರುಗಳು ಕೇಳಿಸಬೇಕು. ಕೂಲಿ ಎರಡು ರೂಪಾಯಿ ಏರಿದರೆ ಬೇಸಾಯವೇ ಮುಳುಗಿತು ಅನ್ನುವವರ ದನಿಯೂ ಇದೇ ದನಿ.

ಎರಡನೆಯದು, ಒಬ್ಬಂಟಿ ಧೈರ್ಯ ಮತ್ತು ಸಂಘಟನೆಯ ಲೆಕ್ಕ. ಫ್ಲಡ್ ಇಲ್ಲದೆ ಆಟಗಾರರ ಮನಸ್ಸು ತೆರೆಯುತ್ತಿರಲಿಲ್ಲ. ಸಂಘ ಇಲ್ಲದೆ ಬೇಲಿ ಬೀಳುತ್ತಿರಲಿಲ್ಲ. ಆದರೆ ಅವನು ಕೋರ್ಟಿನ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ ಆ ದಿನಗಳಲ್ಲಿ ನೂರಾರು ಆಟಗಾರರ ಪೈಕಿ ಒಬ್ಬನಾದರೂ ಬಂದು ಪಕ್ಕದಲ್ಲಿ ಕೂರಬಹುದಾಗಿತ್ತು. ಹಣ ಕೊಟ್ಟರು, ಓಟು ಕೊಟ್ಟರು, ಮುಖ ಕೊಡಲಿಲ್ಲ. ನಮ್ಮ ಊರುಗಳಲ್ಲಿ ಒಬ್ಬ ಎದ್ದು ಒಲ್ಲೆ ಅಂದಾಗ ಮಿಕ್ಕವರು ಎಲ್ಲಿರುತ್ತಾರೆ ಎಂಬುದನ್ನು ಅವರವರೇ ನೋಡಿಕೊಳ್ಳಲಿ.